ಬಾವು: ರೋಗವೋ, ರೋಗದ ಸುದ್ದಿಯೋ?

ಸಂಜೆಯ ಹೊತ್ತಿಗೆ ಪಾದ ಬಾತು ಚಪ್ಪಲಿ ಬಿಗಿಯಾದರೆ ಅದನ್ನು ದೊಡ್ಡ ವಿಷಯವೆಂದು ಎಣಿಸುವವರು ನಮ್ಮಲ್ಲಿ ಕಡಿಮೆ. ದಿನವೆಲ್ಲ ನಿಂತದ್ದಕ್ಕೆ, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತದ್ದಕ್ಕೆ, ವಯಸ್ಸಾದದ್ದಕ್ಕೆ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಅನೇಕ ವೇಳೆ ಆ ಸಮಾಧಾನ ಸರಿಯಾದದ್ದೇ. ಯಾವಾಗ ಅದು ಸರಿಯಲ್ಲ ಎಂಬುದನ್ನು ಅರಿಯಲು ಮಾತ್ರ ವೈದ್ಯಶಾಸ್ತ್ರಕ್ಕೆ ಎರಡು ಸಾವಿರ ವರ್ಷಗಳೇ ಬೇಕಾದವು. ಅಷ್ಟು ಕಾಲವೂ ಬಾವನ್ನೇ ರೋಗವೆಂದು ಭಾವಿಸಲಾಗಿತ್ತು.

ಹಾಗೆಂದು ಹಳಬರು ಕಣ್ಣಿಟ್ಟು ನೋಡಲಿಲ್ಲವೆಂದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ಶ್ವಯಥು’ ಎಂಬ ಹೆಸರಿನ ಅಧ್ಯಾಯವೇ ಇದೆ. ಬೆರಳಿನಿಂದ ಒತ್ತಿದಾಗ ಬಿದ್ದ ಕುಳಿ ಕೂಡಲೇ ಮೇಲೇಳುವುದೋ, ಹಾಗೆಯೇ ನಿಲ್ಲುವುದೋ, ಬಾವು ಹಗಲು ಹೆಚ್ಚೋ, ರಾತ್ರಿ ಹೆಚ್ಚೋ ಎಂಬುದನ್ನೆಲ್ಲ ಆ ಪರಂಪರೆ ಗುರುತಿಸಿತ್ತು. ಇಂದಿನ ವೈದ್ಯರು ಕಣಕಾಲಿನ ಮೇಲೆ ಹೆಬ್ಬೆರಳನ್ನೊತ್ತಿ ನೋಡುವುದೂ ಆ ಕುಳಿಯನ್ನೇ.

ಯೂರೋಪಿನಲ್ಲಿಯೂ ಇದು ನೀರಿನ ರೋಗವೆಂದೇ ಹೆಸರಾಗಿತ್ತು. ನೀರು ತುಂಬಿದೆ, ಹೊರಹಾಕಬೇಕು. ಚಿಕಿತ್ಸೆಯ ತರ್ಕ ಇಷ್ಟೇ. ಇಂಗ್ಲಿಷ್ ನಿಘಂಟುಕಾರ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ 1784ರ ಡಿಸೆಂಬರಿನಲ್ಲಿ, ಬಾತ ತನ್ನ ಕಾಲುಗಳನ್ನು ಕೈಯಾರೆ ಇರಿದು ನೀರಿಳಿಸಲು ಯತ್ನಿಸಿ, ತೀರಿಕೊಂಡ. ಸಾವಿರಾರು ಶಬ್ದಗಳಿಗೆ ಅರ್ಥ ಬರೆದವನಿಗೆ ತನ್ನ ಕಾಲಿನ ಬಾವಿನ ಅರ್ಥ ಹೇಳಬಲ್ಲ ಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ.

ಮರುವರ್ಷವೇ, 1785ರಲ್ಲಿ, ಬರ್ಮಿಂಗ್‌ಹ್ಯಾಮಿನ ವೈದ್ಯ ವಿಲಿಯಂ ವಿದರಿಂಗನ ಪುಸ್ತಕ ಹೊರಬಂತು. ಅದಕ್ಕೆ ಹತ್ತು ವರ್ಷ ಮೊದಲು, ಶ್ರಾಪ್‌ಶೈರಿನ ಒಬ್ಬ ಮುದುಕಿ ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದ ಮನೆಮದ್ದಿನ ಬಗ್ಗೆ ಅವನ ಅಭಿಪ್ರಾಯ ಕೇಳಲಾಗಿತ್ತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದವು. ವಿದರಿಂಗ್ ಸಸ್ಯಶಾಸ್ತ್ರವನ್ನೂ ಬಲ್ಲವನು. ಕೆಲಸ ಮಾಡುತ್ತಿದ್ದುದು ನೇರಳೆ ಬಣ್ಣದ ಗಂಟೆಹೂಗಳ ಫಾಕ್ಸ್‌ಗ್ಲೋವ್ ಒಂದೇ ಎಂದು ಕಂಡುಕೊಂಡ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಗುಣವಾದುದನ್ನೂ ಆಗದುದನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟ. ಪ್ರಮಾಣ ಮೀರಿದರೆ ವಾಂತಿಯಾಗುವುದು, ಕಣ್ಣಿಗೆ ವಸ್ತುಗಳು ಹಳದಿಯಾಗಿ, ಹಸಿರಾಗಿ ಕಾಣುವುದು, ನಾಡಿ ಅಪಾಯಕರವಾಗಿ ನಿಧಾನವಾಗುವುದು, ಎಲ್ಲವೂ ಅಲ್ಲಿದೆ. ಆ ಮುದುಕಿಯ ಹೆಸರನ್ನು ಮಾತ್ರ ಅವನು ಬರೆಯಲಿಲ್ಲ. ಈಚೆಗೆ ಪ್ರಚಾರದಲ್ಲಿರುವ ಹೆಸರು ಇಪ್ಪತ್ತನೆಯ ಶತಮಾನದ ಔಷಧ ಜಾಹೀರಾತೊಂದರ ಸೃಷ್ಟಿ. ಇದು ಮೂತ್ರವನ್ನು ಹೆಚ್ಚಿಸುವ ಮದ್ದೆಂದೇ ವಿದರಿಂಗ್ ಬಗೆದಿದ್ದ. ಆದರೂ ಹೃದಯದ ಚಲನೆಯ ಮೇಲೆ ಇದಕ್ಕೆ ಅಸಾಧಾರಣ ಹಿಡಿತವಿದೆಯೆಂಬುದನ್ನು ಗಮನಿಸದೆ ಬಿಡಲಿಲ್ಲ. ಬಾವಿನ ಮೂಲ ಎದೆಯಲ್ಲಿರಬಹುದೆಂಬ ಸುಳಿವು ಅಲ್ಲಿತ್ತು.

ಇನ್ನೊಂದು ಮೂಲವನ್ನು ತೋರಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಮೈ ಬಾತ ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಗರಣೆಗಟ್ಟುವುದು ಕೆಲವರಿಗೆ ಆಗಲೇ ತಿಳಿದಿತ್ತು. ಅಂಥವರು ಸತ್ತ ಮೇಲೆ ಅವರ ಮೂತ್ರಪಿಂಡಗಳನ್ನು ಪರೀಕ್ಷಿಸಿ, ಅವು ಕೆಟ್ಟಿರುವುದನ್ನು 1827ರಲ್ಲಿ ಪ್ರಕಟಿಸಿ, ಎರಡಕ್ಕೂ ಗಂಟು ಹಾಕಿದವನು ಬ್ರೈಟ್. 1896ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಇದರ ಒಳತಂತ್ರವನ್ನು ವಿವರಿಸಿದ. ರಕ್ತದೊಳಗಿನ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ, ರಕ್ತದ ಸಸಾರಜನಕ ಅದನ್ನು ಒಳಕ್ಕೆ ಎಳೆದಿಡುತ್ತದೆ. ಹೃದಯ ಸೋತರೆ ತಳ್ಳುವ ಬಲ ಮಿಗುತ್ತದೆ. ಮೂತ್ರಪಿಂಡ ಸಸಾರಜನಕವನ್ನು ಸೋರಗೊಟ್ಟರೆ, ಅಥವಾ ಯಕೃತ್ತು ಅದನ್ನು ತಯಾರಿಸದಿದ್ದರೆ, ಎಳೆಯುವ ಬಲ ಕುಂದುತ್ತದೆ. ಮಿಕ್ಕ ನೀರು ತಗ್ಗಿಗೆ ಹರಿದು ಪಾದದಲ್ಲಿ ನಿಲ್ಲುತ್ತದೆ.

ಈ ಇತಿಹಾಸವನ್ನು ಬಲ್ಲವರಿಗೆ ಇಂದಿನ ವೈದ್ಯರ ಪ್ರಶ್ನೆಗಳು ವಿಚಿತ್ರವಾಗಿ ತೋರಲಾರವು. ಅವರು ಕಾಲನ್ನು ನೋಡುತ್ತ, ರಾತ್ರಿ ಚಪ್ಪಟೆಯಾಗಿ ಮಲಗಬಲ್ಲಿರಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದೇ, ಕೆಲವೇ ದಿನಗಳಲ್ಲಿ ತೂಕ ಏರಿತೇ ಎಂದು ಕೇಳುವುದು ಹೃದಯದ ವಿಚಾರಣೆ. ಬೆಳಿಗ್ಗೆ ಮುಖ ಊದುವುದೇ, ಮೂತ್ರದಲ್ಲಿ ನೊರೆ ನಿಲ್ಲುವುದೇ ಎಂಬುದು ಮೂತ್ರಪಿಂಡದ್ದು. ಕಣ್ಣು ಹಳದಿಯಾಗಿ ಹೊಟ್ಟೆಯೂ ಉಬ್ಬಿದ್ದರೆ ಯಕೃತ್ತಿನದು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಪಾದ ಬಾಯುವುದುಂಟು, ಅದನ್ನೂ ಕೇಳುತ್ತಾರೆ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಮೀನಖಂಡ ನೋಯುತ್ತ ಬಿಸಿಯಾದರೆ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಎದೆನೋವು, ಉಸಿರುಕಟ್ಟು ಜೊತೆಗೂಡಿದರೆ ಒಂದು ಗಳಿಗೆಯೂ ತಡೆಯಬಾರದು. ಬಸುರಿಯರ ಪಾದ ಬಾಯುವುದು ಸಾಮಾನ್ಯ. ಮುಖ, ಕೈಗಳೂ ಬಾತು ತಲೆನೋವು, ಕಣ್ಣು ಮಂಜಾಗುವುದು ಸೇರಿದರೆ ಅದು ಸಾಮಾನ್ಯವಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಇದಾವುದನ್ನೂ ವಿಚಾರಿಸದೆ ಅಂಗಡಿಯಿಂದ ನೀರಿಳಿಸುವ ಮಾತ್ರೆ ತಂದು ನುಂಗುವುದು ಜಾನ್ಸನ್ನನ ಕಾಲದ ತರ್ಕವೇ.

ಒಮ್ಮೊಮ್ಮೆ ಮೂಲ ಮೈಯೊಳಗೂ ಇರುವುದಿಲ್ಲ. 1998ರಲ್ಲಿ ದೆಹಲಿಯ ಮನೆಮನೆಗಳಲ್ಲಿ ಜನರ ಕಾಲುಗಳು ಬಾತವು. ಸಾಸಿವೆ ಎಣ್ಣೆಗೆ ಆರ್ಜಿಮೋನ್ ಬೀಜದ ಎಣ್ಣೆ ಬೆರೆತಿತ್ತು. ನಮ್ಮ ಪಾಳುಭೂಮಿಗಳಲ್ಲೂ ಬೆಳೆಯುವ, ಹಳದಿ ಹೂವಿನ ಆ ಮುಳ್ಳುಗಿಡದ ಬೀಜ ಸಾಸಿವೆಯನ್ನೇ ಹೋಲುತ್ತದೆ. ಅದರ ವಿಷ ಸೂಕ್ಷ್ಮ ರಕ್ತನಾಳಗಳನ್ನು ಸಡಿಲಿಸಿ ಸೋರುವಂತೆ ಮಾಡುತ್ತದೆ. ಹಲವರು ಸತ್ತರು. ಅಲ್ಲಿ ವೈದ್ಯರು ಕೇಳಬೇಕಾದ ಪ್ರಶ್ನೆ, ಮನೆಯಲ್ಲಿ ಇನ್ನಾರ ಕಾಲು ಬಾತಿದೆ, ಎಣ್ಣೆ ಎಲ್ಲಿಂದ ತಂದಿರಿ ಎಂಬುದಾಗಿತ್ತು.