ರಮ್ಮೇ ಇಲ್ಲದ ಬೇ ರಮ್: ಒಂದು ಎಲೆ, ಎರಡು ಪಾನನಿಷೇಧ

ಇವತ್ತಿನ ವಿಷಯ ಆಫ್ಟರ್‌ಶೇವ್. ನಗಬೇಡಿ, ಇದರೊಳಗೆ ಗುಲಾಮಗಿರಿ ಇದೆ, ಅಮೆರಿಕದ ಕಾನೂನಿದೆ, ನಮ್ಮ ಸುಪ್ರೀಂ ಕೋರ್ಟ್ ಕೂಡ ಇದೆ. ಕೆಲವು ತಿಂಗಳಿಂದ ನಾನು ಪುಣೆಯ ಫ್ಲ್ಯಾಟ್‌ನಲ್ಲಿ ಬೇ ರಮ್ ಅನ್ನೋ ಹಳೇ ಕಾಲದ ಆಫ್ಟರ್‌ಶೇವ್ ಮಾಡಿ ನೋಡ್ತಾ ಇದ್ದೀನಿ. ಶೀಶೆಗಳಿಗಿಂತ ಅದರ ಹಿಂದಿನ ಇತಿಹಾಸವೇ ಹೆಚ್ಚು ಹಿಡಿದುಕೊಂಡಿತು, ಹಾಗಾಗಿ ಈ ಮಾತು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಬೇ ಲೀಫ್ ಅಂದ್ರೆ ನಮಗೆ ಪಲಾವ್ ಎಲೆ. ಅದು ದಾಲ್ಚಿನ್ನಿಯ ಹತ್ತಿರದ ನೆಂಟ. ಯುರೋಪಿನವರು ಸೂಪಿಗೆ ಹಾಕೋ ಬೇ ಲೀಫ್ ಬೇರೆ, ಅದು ಲಾರೆಲ್ ಮರದ್ದು. ಬೇ ರಮ್‌ನ ಎಲೆ ಇವೆರಡೂ ಅಲ್ಲ. ಅದು ಪಿಮೆಂಟಾ ರೇಸಿಮೋಸಾ, ಕೆರಿಬಿಯನ್ ದ್ವೀಪಗಳ ಮರ. ನಮ್ಮ ನೇರಳೆ, ಪೇರಲೆ, ಲವಂಗ ಇರುವ ಕುಟುಂಬವೇ ಇದರದ್ದೂ. ಎಲೆ ಮುರಿದರೆ ಬರೋದು ಹೆಚ್ಚುಕಮ್ಮಿ ಲವಂಗದ ವಾಸನೆ, ಯಾಕಂದ್ರೆ ಎರಡರಲ್ಲೂ ಮುಖ್ಯ ಅಂಶ ಯುಜೆನಾಲ್. ಕರಾವಳಿ, ಮಲೆನಾಡಿನ ಕೆಲವರ ಹಿತ್ತಲಲ್ಲಿ ಸರ್ವಸಾಂಬಾರ ಅಂತ ಒಂದು ಮರ ಇರುತ್ತಲ್ಲ, ಇಂಗ್ಲಿಷಿನಲ್ಲಿ ಆಲ್‌ಸ್ಪೈಸ್, ಅದು ಈ ಮರದ ಖಾಸಾ ತಮ್ಮ.

ನಾವಿಕರು ಮೈಯ ದುರ್ವಾಸನೆ ಹೋಗಲಿ ಅಂತ ಈ ಎಲೆಯನ್ನು ರಮ್ಮಿನಲ್ಲಿ ನೆನೆಸಿ ಉಜ್ಜಿಕೊಳ್ತಿದ್ದರು, ಹಾಗೆ ಹುಟ್ಟಿತು ಬೇ ರಮ್ ಅನ್ನೋದು ಎಲ್ಲರೂ ಹೇಳೋ ಕಥೆ. ನನಗೆ ಇದು ಶೀಶೆ ಮಾರೋಕೆ ಹೆಣೆದ ಕಥೆ ಅನ್ನಿಸುತ್ತೆ. ಗಟ್ಟಿ ಇತಿಹಾಸ ಸಿಗೋದು ಸೇಂಟ್ ಥಾಮಸ್ ದ್ವೀಪದಲ್ಲಿ. ಆಗ ಅದು ಡೆನ್ಮಾರ್ಕಿನ ವಸಾಹತು. ಚೆನ್ನೈನಲ್ಲಿರೋರು ವೀಕೆಂಡಿಗೆ ತರಂಗಂಬಾಡಿಗೆ ಹೋಗಿ ಡ್ಯಾನ್ಸ್‌ಬೋರ್ಗ್ ಕೋಟೆ ನೋಡಿರಬಹುದು. ಅದೇ ದೊರೆತನ. 1620ರಿಂದ ಹಿಡಿದಿಟ್ಟುಕೊಂಡಿದ್ದ ತರಂಗಂಬಾಡಿಯನ್ನು 1845ರಲ್ಲಿ ಬ್ರಿಟಿಷರಿಗೆ ಮಾರಿದರು, ಕೆರಿಬಿಯನ್ ದ್ವೀಪಗಳನ್ನು ಮಾತ್ರ ಉಳಿಸಿಕೊಂಡರು.

1838ರಲ್ಲಿ ಆಲ್ಬರ್ಟ್ ಹೈನ್ರಿಕ್ ರೀಸೆ ಅನ್ನೋ ಡ್ಯಾನಿಷ್ ಔಷಧಿಕಾರ ಸೇಂಟ್ ಥಾಮಸ್‌ಗೆ ಬಂದು ಅಂಗಡಿ ತೆರೆದ. ಬೇ ರಮ್ಮನ್ನು ದೊಡ್ಡ ವ್ಯಾಪಾರ ಮಾಡಿದವನು ಆತ. ಅಂತಾರಾಷ್ಟ್ರೀಯ ವಸ್ತುಪ್ರದರ್ಶನಗಳಲ್ಲಿ ಪದಕ ಬಂತು, ಅಮೆರಿಕದ ಕ್ಷೌರದಂಗಡಿಗಳಲ್ಲಿ ಬೇ ರಮ್ ಶೀಶೆ ಕಾಯಂ ಆಯಿತು. ಆತ ಬಂದಾಗ ಆ ದ್ವೀಪಗಳಲ್ಲಿ ಆಫ್ರಿಕನ್ನರು ಇನ್ನೂ ಗುಲಾಮರು. 1848ರ ಜುಲೈ 3ರಂದು ಸೇಂಟ್ ಕ್ರೋಯಿ ದ್ವೀಪದಲ್ಲಿ ಸಾವಿರಾರು ಜನ ಕೋಟೆ ಮುತ್ತಿದ ಮೇಲೆ ಗವರ್ನರ್ ಪೀಟರ್ ವಾನ್ ಶೋಲ್ಟನ್ ಬಿಡುಗಡೆ ಘೋಷಿಸಿದ. ಅದಾದಮೇಲೆ ಕೂಲಿ ಸಾಲದೆ 1863ರಲ್ಲಿ ಕಲ್ಕತ್ತಾದಿಂದ ಒಂದು ಹಡಗಿನಲ್ಲಿ 300ಕ್ಕೂ ಹೆಚ್ಚು ಭಾರತೀಯರನ್ನು ಗುತ್ತಿಗೆ ಮೇಲೆ ತರಿಸಿದರು. ಬಂದದ್ದು ಆ ಒಂದೇ ಹಡಗು. ಗುತ್ತಿಗೆ ಮುಗಿಸಿ ಹೆಚ್ಚಿನವರು 1868ರಲ್ಲಿ ಊರಿಗೆ ವಾಪಸ್. ಐದು ವರ್ಷದ ಆನ್‌ಸೈಟ್ ಅಂತ ತಮಾಷೆ ಮಾಡೋಕೆ ನಾಲಿಗೆ ಬರುತ್ತೆ, ಆದ್ರೆ ಅವರು ಹೋದದ್ದು ಕಬ್ಬಿನ ಗದ್ದೆಗೆ.

ಶೀಶೆ ಸೇಂಟ್ ಥಾಮಸ್‌ನದ್ದಾದರೂ ಎಲೆ ಬಹುಪಾಲು ಪಕ್ಕದ ಸೇಂಟ್ ಜಾನ್ ದ್ವೀಪದ್ದು. ಅಲ್ಲಿ ಸಕ್ಕರೆ ಆಲೆಗಳು ಒಂದೊಂದಾಗಿ ಮುಚ್ಚಿದ್ದವು. ಸಿನಮನ್ ಬೇ ಅನ್ನೋ ಜಾಗದಲ್ಲಿ ಹಳೇ ಸಕ್ಕರೆ ಕಾರ್ಖಾನೆಯ ಗೋಡೆಗಳ ನಡುವೆಯೇ ಆಮೇಲೆ ಬೇ ಎಲೆ ಬಟ್ಟಿ ಇಳಿಸಿದರು, ಆ ಅವಶೇಷ ಈಗಲೂ ನೋಡಲು ಸಿಗುತ್ತೆ. ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು ಮರ ಹತ್ತಿ ಎಲೆ ಕಿತ್ತು ಗೋಣಿಗೆ ತುಂಬಿದರು. ಪುಟ್ಟ ಮಕ್ಕಳೂ ಈ ಕೆಲಸದಲ್ಲಿದ್ದರು. ಪದಕದ ಚಿತ್ರ ಲೇಬಲ್ಲಿನ ಮೇಲೆ ಬಂತು, ಕಿತ್ತವರ ಹೆಸರು ಎಲ್ಲೂ ಬರಲಿಲ್ಲ.

ಈಗ ಮದ್ಯದ ವಿಷಯ. 1880ರ ಅಮೆರಿಕದ ಅಧಿಕೃತ ಔಷಧಿ ಕೋಶದಲ್ಲಿ ಬೇ ರಮ್‌ಗೆ ಸೂತ್ರ ಇದೆ: ಬೇ ಎಣ್ಣೆ 16 ಭಾಗ, ಕಿತ್ತಳೆ ಸಿಪ್ಪೆ ಎಣ್ಣೆ 1, ಆಲ್‌ಸ್ಪೈಸ್ ಎಣ್ಣೆ 1, ಆಲ್ಕೊಹಾಲ್ 1000, ನೀರು 782. ಕೂಡಿಸಿ ನೋಡಿ, ಸರಿಯಾಗಿ 1800. ಎಂಟು ದಿನ ಇಟ್ಟು ಸೋಸಬೇಕು. ಇದರಲ್ಲಿ ರಮ್ ಎಲ್ಲಿದೆ? ಇಲ್ಲವೇ ಇಲ್ಲ! ಅಷ್ಟು ಹೊತ್ತಿಗಾಗಲೇ ಯಾರು ಬೇಕಾದರೂ ಎಣ್ಣೆ ಮತ್ತು ಸ್ಪಿರಿಟ್ ಬೆರೆಸಿ ಬೇ ರಮ್ ಮಾಡಬಹುದಿತ್ತು. ದ್ವೀಪದ ಬಟ್ಟಿಗೆ ಅದೇ ಮೊದಲ ಪೆಟ್ಟು ಅಂತ ನಾನು ಓದಿಕೊಳ್ತೀನಿ.

ಎರಡನೇ ಪೆಟ್ಟು ಕಾನೂನಿನದ್ದು. 1917ರಲ್ಲಿ ಅಮೆರಿಕ ಈ ದ್ವೀಪಗಳನ್ನು 25 ಮಿಲಿಯನ್ ಡಾಲರ್ ಚಿನ್ನ ಕೊಟ್ಟು ಕೊಂಡಿತು. ಮೂರು ವರ್ಷಕ್ಕೇ ಅಮೆರಿಕದಲ್ಲಿ ಪಾನನಿಷೇಧ. ಸ್ವಲ್ಪ ಸಮಯದಲ್ಲಿ ಅದು ದ್ವೀಪಗಳಿಗೂ ಬಂತು, ರಮ್ ಕಾಯಿಸೋದು ಅಪರಾಧ ಆಯಿತು. ಇತ್ತ ಕ್ಷೌರದಂಗಡಿಯ ಬೇ ರಮ್ ಮಾತ್ರ ಕಾನೂನುಬದ್ಧ. ಅದರಲ್ಲಿ ಆಲ್ಕೊಹಾಲ್ ಅರ್ಧಕ್ಕಿಂತ ಜಾಸ್ತಿ. ಜನ ಏನು ಮಾಡಿದರು ಅಂತ ಹೇಳಬೇಕಾ? ಕುಡಿದರು. ಕುಡಿಯಬಾರದು ಅಂತ ಇಂಥ ಸ್ಪಿರಿಟ್‌ಗಳಿಗೆ ಕೆಡುಕು ರಾಸಾಯನಿಕ ಬೆರೆಸುವ ನಿಯಮಗಳಿದ್ದವು.

ಇದೇ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. 1949ರಲ್ಲಿ ಬಾಂಬೆ ಪಾನನಿಷೇಧ ಕಾಯ್ದೆ ಬಂತು. ಆಗ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಎಲ್ಲ ಬಾಂಬೆ ಆಡಳಿತದಲ್ಲೇ, ಅಂದ್ರೆ ನಮ್ಮಲ್ಲಿ ಕೆಲವರ ಅಜ್ಜಂದಿರಿಗೂ ಇದೇ ಕಾಯ್ದೆ. ಎಫ್. ಎನ್. ಬಾಲ್ಸಾರಾ ಅನ್ನೋರು ಕೋರ್ಟಿಗೆ ಹೋದರು: ವಿಸ್ಕಿ, ಬ್ರಾಂಡಿ ಜೊತೆಗೆ ಯೂ ಡಿ ಕಲೋನ್ ಇಟ್ಟುಕೊಳ್ಳೋಕೂ ಬಿಡಿ ಅಂತ. 1951ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಬಹುಭಾಗ ಎತ್ತಿಹಿಡಿದರೂ, ಆಲ್ಕೊಹಾಲ್ ಇರುವ ಔಷಧಿ, ಸೌಂದರ್ಯ ಸಾಮಗ್ರಿಗಳ ಮೇಲಿನ ನಿರ್ಬಂಧವನ್ನು ಹೊಡೆದುಹಾಕಿತು. ಕಾನೂನು ವಿದ್ಯಾರ್ಥಿಗಳು ಆ ಕೇಸನ್ನು ಬೇರೆ ಕಾರಣಕ್ಕೆ ಓದ್ತಾರೆ. ನಾನು ಅದನ್ನು ಸುಗಂಧದ ಶೀಶೆಯ ಕೇಸ್ ಅಂತ ನೆನಪಿಟ್ಟುಕೊಂಡಿದ್ದೀನಿ.

ನನ್ನ ಶೀಶೆಗಳ ವಿಷಯ ಚುಟುಕಾಗಿ. ಬಟ್ಟಿ ಇಳಿಸೋ ಯೋಚನೆಯೇ ಬೇಡ, ಪರವಾನಗಿ ಇಲ್ಲದೆ ಮನೆಯಲ್ಲಿ ಅದು ಅಪರಾಧ. ಹಾರ್ಡ್‌ವೇರ್ ಅಂಗಡಿಯ ಸ್ಪಿರಿಟ್ ಕೂಡ ಬೇಡ, ಅದರಲ್ಲಿ ಮೆಥನಾಲ್ ಇರಬಹುದು, ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ನಾನು ಮಾಡಿದ್ದು ಬರೀ ರಮ್ಮಿನಲ್ಲಿ ಎಲೆ ನೆನೆಸೋದು. ಪಲಾವ್ ಎಲೆಯ ಶೀಶೆ ಎರಡು ವಾರಕ್ಕೆ ಬೇಕಂತಲೇ ಇಟ್ಟ ಹೋಲಿಕೆ, ಹಚ್ಚಿಕೊಂಡಾಗ ನನ್ನ ಹೆಂಡತಿ "ಕುಕ್ಕರ್ ಇಟ್ಟಿದ್ದೀರಾ?" ಅಂದಳು. ಊರಿಂದ ತರಿಸಿದ ಸರ್ವಸಾಂಬಾರದ ಎಲೆ ಮಾತ್ರ ಬಹಳ ಚೆನ್ನಾಗಿ ಬಂತು. ಬಣ್ಣ ಕಂದು, ಬಿಳಿ ಟವೆಲ್‌ಗೆ ಕಲೆ ಮಾಡುತ್ತೆ, ಯಾಕಂದ್ರೆ ನೆನೆಸಿದಾಗ ಎಲೆಯ ಬಣ್ಣವೂ ಒಗರೂ ಇಳಿಯುತ್ತೆ. ಬಟ್ಟಿಯಲ್ಲಿ ಹಾರೋದು ಸುವಾಸನೆ ಮಾತ್ರ. ಮೂರನೆಯದಕ್ಕೆ ಕೊಂಡ ಬೇ ಎಣ್ಣೆ. ನಮ್ಮ ಅಂಗಡಿಯ ರಮ್ 42.8 ಪರ್ಸೆಂಟ್, ಎಣ್ಣೆ ಕರಗಿಸೋಕೆ ಅದು ಸಾಲದು, ಮಜ್ಜಿಗೆ ಹಾಗೆ ಬೆಳ್ಳಗಾಗುತ್ತೆ. 1880ರ ಸೂತ್ರದ ಆಲ್ಕೊಹಾಲ್ ಲೆಕ್ಕ ಸುಮ್ಮನೆ ಅಲ್ಲ. ಎಣ್ಣೆಯ ಲೆಕ್ಕವೂ ಅಷ್ಟೇ: ಒಂದು ಪರ್ಸೆಂಟಿಗಿಂತ ಕಡಿಮೆ. ಯುಜೆನಾಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತೆ, ಮೊಣಕೈ ಒಳಗೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಕೈಯಳತೆಯಲ್ಲಿ ಸುರಿಯಬೇಡಿ.

ಆ ಎಣ್ಣೆಯ ಲೇಬಲ್ಲಿನ ಮೇಲೆ ದೇಶದ ಹೆಸರು ಇತ್ತು: ಡೊಮಿನಿಕಾ. ಈಗ ಬೇ ಎಣ್ಣೆಗೆ ಹೆಸರಾದ ದ್ವೀಪ ಅದು, ಅಲ್ಲಿನ ದಕ್ಷಿಣದ ಗುಡ್ಡಗಳಲ್ಲಿ ಪೆಟಿಟ್ ಸವಾನ್ ಅನ್ನೋ ಹಳ್ಳಿ ಈ ಕಸುಬಿನ ಕೇಂದ್ರ. 2015ರ ಆಗಸ್ಟ್‌ನಲ್ಲಿ ಎರಿಕಾ ಚಂಡಮಾರುತದ ಮಳೆಗೆ ಗುಡ್ಡ ಕುಸಿದು ಹಲವರು ಸತ್ತರು, ಇಡೀ ಹಳ್ಳಿಯನ್ನು ಖಾಲಿ ಮಾಡಿಸಿದರು. ಎರಡು ವರ್ಷಕ್ಕೆ ಮರಿಯಾ ಚಂಡಮಾರುತ ಬೇರೆ. ಊರಿನವರಿಗಾಗಿ ಸರ್ಕಾರ ಬೆಲ್ವ್ಯೂ ಶೋಪಿನ್ ಅನ್ನೋ ಕಡೆ ಹೊಸ ಮನೆಗಳನ್ನು ಕಟ್ಟಿಸಿತು. ಅಲ್ಲಿಂದ ಹಳೇ ತೋಟಕ್ಕೆ ಎಲೆ ಕೀಳೋಕೆ ಬರಬೇಕಂದ್ರೆ ದಾರಿ ದೂರ.