ಹಸಿರೋ ಕೆಂಪೋ: ಹಳೆ ಡೀಸೆಲ್ ಜೀಪಿನ ರೇಡಿಯೇಟರಿಗೆ ಏನು ಹಾಕಬೇಕು?

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಹಳೆ ಮಹೀಂದ್ರ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ಗೊಬ್ಬರದ ಮೂಟೆ, ನಾಲ್ಕು ಆಳು, ಮೇಲೊಂದು ನಾಯಿ, ಇಷ್ಟನ್ನೂ ಹೊತ್ತು ಲೋ ಗೇರಿನಲ್ಲಿ ಏರು ಹತ್ತುವ ಎಂಎಂ 540ರ ಬಾನೆಟ್ಟಿನಿಂದ ಹಬೆ ಎದ್ದರೆ ಡ್ರೈವರ್ ಗಾಬರಿಯಾಗುವುದಿಲ್ಲ. ಗಾಡಿ ನಿಲ್ಲಿಸಿ, ಬೀಡಿ ಸೇದಿ ಮುಗಿಸಿ, ಪಕ್ಕದ ಹಳ್ಳದಿಂದ ಕ್ಯಾನಿನಲ್ಲಿ ನೀರು ತಂದು ಸುರಿಯುತ್ತಾನೆ. ಅದೇ ಜೀಪಿನ ಯಜಮಾನರು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಹಸಿರು, ಕೆಂಪು, ಗುಲಾಬಿ, ನೀಲಿ ಕೂಲಂಟ್ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ‘ಯಾವ ಕಲರ್ ಕೊಡಲಿ ಸಾರ್?’ ಎನ್ನುತ್ತಾನೆ ಅಂಗಡಿಯವನು. ಪ್ರಶ್ನೆಯೇ ತಪ್ಪು. ಬಣ್ಣ ಕಂಪನಿ ಬೆರೆಸಿದ ಡೈ, ಅಷ್ಟೆ. ಕೇಳಬೇಕಾದದ್ದು ಎಂಜಿನ್ ಯಾವ ಲೋಹದ್ದು, ರೇಡಿಯೇಟರ್ ಯಾವ ಲೋಹದ್ದು ಎಂದು. ಕೂಲಂಟಿನ ಚರಿತ್ರೆ ಉದ್ದಕ್ಕೂ ಲೋಹದ ಬೆನ್ನು ಹತ್ತಿಯೇ ಬಂದಿದೆ.

1886ರ ಕಾರ್ಲ್ ಬೆಂಜ್‌ನ ಮೂರು ಚಕ್ರದ ಗಾಡಿಯಲ್ಲಿ ನೀರು ಕುದಿದು ಹಬೆಯಾಗಿ ಹೋಗುತ್ತಿತ್ತು, ದಾರಿಯುದ್ದಕ್ಕೂ ಮತ್ತೆ ತುಂಬಿಸಬೇಕಿತ್ತು. 1900ರ ಹೊತ್ತಿಗೆ ವಿಲ್ಹೆಲ್ಮ್ ಮೇಬ್ಯಾಕ್ ಸಾವಿರಾರು ಸಣ್ಣ ಕೊಳವೆಗಳ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಫೋರ್ಡ್‌ನ ಮಾಡೆಲ್ ಟಿಯಲ್ಲಿ ಬಹುಕಾಲ ವಾಟರ್ ಪಂಪೂ ಇರಲಿಲ್ಲ. ಬಿಸಿನೀರು ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ನಂಬಿಕೆಯ ಮೇಲೆ ಅದು ಓಡಿತು. ಎಲ್ಲದರಲ್ಲೂ ನೀರೇ ಇತ್ತು, ಶಾಖ ಹೊರುವುದರಲ್ಲಿ ನೀರಿಗೆ ಸಾಟಿ ಇವತ್ತೂ ಇಲ್ಲ. ಅದರ ದೋಷ ಮೂರು: ಹೆಪ್ಪುಗಟ್ಟುತ್ತದೆ, ಬೇಗ ಕುದಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಚಳಿ ದೇಶದವರಿಗೆ ಮೊದಲ ದೋಷವೇ ದೊಡ್ಡದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಎರಕದ ಬ್ಲಾಕನ್ನೇ ಸೀಳುತ್ತದೆ. ಮೆಥನಾಲ್ ಬೆರೆಸಿ ನೋಡಿದರು, ಅದು ಬಿಸಿಗೆ ಆರಿಹೋಯಿತು. ಗ್ಲಿಸರಿನ್ ಗಟ್ಟಿಯಾಗಿ ಹರಿಯಲು ಮೊಂಡಾಯಿತು. ಫ್ರಾನ್ಸಿನ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲೇ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್ ಕೊನೆಗೆ ಕೈಗೆ ಬಂತು. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಯೂನಿಯನ್ ಕಾರ್ಬೈಡ್ ಅದನ್ನು ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಮಾರತೊಡಗಿತು. ನೀರು, ಗ್ಲೈಕಾಲ್ ಸಮಸಮ ಬೆರೆಸಿದರೆ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟದು, ಒತ್ತಡವಿಲ್ಲದಿದ್ದರೂ ಸುಮಾರು 108 ಡಿಗ್ರಿವರೆಗೆ ಕುದಿಯದು. ವಿಮಾನದವರು ಇನ್ನೂ ಮುಂದೆ ಹೋಗಿದ್ದರು. ರೋಲ್ಸ್ ರಾಯ್ಸ್‌ನ ಮೆರ್ಲಿನ್ ಎಂಜಿನ್ನಿಗೆ ಮೊದಲು ಬರೀ ಗ್ಲೈಕಾಲ್ ತುಂಬಿಸಿ, ಆಮೇಲೆ ಒತ್ತಡ ಹಾಕಿ ಶೇ. 30 ಗ್ಲೈಕಾಲ್, ಶೇ. 70 ನೀರಿಗೆ ಇಳಿದರು.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹಾಗಾದರೆ ಆ್ಯಂಟಿಫ್ರೀಜ್ ಯಾಕೆ ಎಂದು ಕೇಳುವವರಿದ್ದಾರೆ. ನೀರು ಬೇಗ ಕುದಿಯದಿರಲಿ ಎಂದು. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಸಡಿಲವಾದ ಹಳೆ ಜೀಪಿಗೆ ಆ ಏರಿನಲ್ಲಿ ಉಳಿಯುವ ಅಂತರ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಗ್ಲೈಕಾಲಿನಿಂದ ಇನ್ನೊಂದು ತೊಂದರೆ ಶುರುವಾಯಿತು. ಬಿಸಿಯಲ್ಲಿ ಬಹಳ ದಿನ ಸುತ್ತಿದರೆ ಅದು ನಿಧಾನಕ್ಕೆ ಆಮ್ಲವಾಗುತ್ತದೆ, ಲೋಹವನ್ನು ತಿನ್ನುತ್ತದೆ. ಅದನ್ನು ತಡೆಯಲು ಬೋರೇಟ್, ಫಾಸ್ಫೇಟ್, ಸಿಲಿಕೇಟ್, ನೈಟ್ರೈಟ್‌ನಂಥ ಲವಣಗಳನ್ನು ಸೇರಿಸಿದರು. ಹಳೆ ಕಾಲದ ಹಸಿರು ಕೂಲಂಟ್ ಇದೇ. ಸಿಲಿಕೇಟು ಅಲ್ಯೂಮಿನಿಯಂ ಮೇಲೆ ತೆಳು ಪದರ ಕಟ್ಟುತ್ತದೆ, ಅಜೋಲ್ ಎಂಬ ವಸ್ತು ತಾಮ್ರ ಹಿತ್ತಾಳೆಯನ್ನು ಕಾಯುತ್ತದೆ. ಈ ಸರಕು ಎರಡು ವರ್ಷಕ್ಕೆ ಖರ್ಚಾಗಿ ಹೋಗುತ್ತದೆ. ಬಣ್ಣ ಮಾತ್ರ ಹಸಿರಾಗಿಯೇ ಉಳಿಯುತ್ತದೆ, ನಾವು ಮೋಸ ಹೋಗುವುದು ಅಲ್ಲೇ.

ಡೀಸೆಲ್ ಎಂಜಿನ್ನಿನದು ಬೇರೆಯೇ ಸಂಕಟ. ಅದರಲ್ಲಿ ಪಿಸ್ಟನ್ ಪ್ರತಿ ಉರಿಗೂ ಲೈನರಿನ ಗೋಡೆಗೆ ಬಡಿಯುತ್ತದೆ. ನೀರಿನಲ್ಲಿ ಮುಳುಗಿದ ಲೈನರ್, ಅಂದರೆ ವೆಟ್ ಲೈನರ್ ಇದ್ದರೆ, ಆ ಬಡಿತಕ್ಕೆ ಅದು ಗಂಟೆಯಂತೆ ನಡುಗುತ್ತದೆ. ಗೋಡೆ ಹಿಂದಕ್ಕೆ ಸರಿದ ಕ್ಷಣ ಕೂಲಂಟಿನಲ್ಲಿ ಗುಳ್ಳೆ ಹುಟ್ಟುತ್ತದೆ, ಮುಂದೆ ಬಂದ ಕ್ಷಣ ಆ ಗುಳ್ಳೆ ಒಡೆದು ಲೋಹಕ್ಕೆ ಸೂಜಿಯಂತೆ ಚುಚ್ಚುತ್ತದೆ. ಗಂಟೆಗಟ್ಟಲೆ, ವರ್ಷಗಟ್ಟಲೆ ಇದೇ ನಡೆದು ಲೈನರಿನ ಹೊರಮೈ ಜೇನುರೊಟ್ಟಿನಂತಾಗಿ, ಒಂದು ದಿನ ತೂತು ಬಿದ್ದು ನೀರು ಆಯಿಲ್ ಸಂಪಿಗೆ ಇಳಿಯುತ್ತದೆ. ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ ಬದಲಿಸಿ ಕಳಿಸುತ್ತಾನೆ, ಆಯಿಲ್ ಮತ್ತೆ ಹಾಲು ಬೆರೆಸಿದ ಚಹಾ ಆಗುತ್ತದೆ. ಇದಕ್ಕೆ ಮದ್ದಾಗಿ ಬಂದದ್ದು ನೈಟ್ರೈಟ್: ಕಬ್ಬಿಣದ ಮೇಲೆ ಗಟ್ಟಿ ಆಕ್ಸೈಡ್ ಪದರ ಕಟ್ಟಿಸಿ ಗುಳ್ಳೆಯ ಪೆಟ್ಟನ್ನು ಅದರ ಮೇಲೆ ತೆಗೆದುಕೊಳ್ಳುತ್ತದೆ. ಅದಕ್ಕೇ ಲಾರಿ ಎಂಜಿನ್ನುಗಳಿಗೆ ಬೇರೆ ಹೆವಿ ಡ್ಯೂಟಿ ಕೂಲಂಟ್ ಬಂತು, ಅದಕ್ಕೆ ಎಎಸ್‌ಟಿಎಂ ಡಿ6210ರಂಥ ಪ್ರತ್ಯೇಕ ಮಾನದಂಡ ಬಂತು. ಆದರೆ ನೈಟ್ರೈಟ್ ಸೀಸದ ಬೆಸುಗೆಗೆ ಸೇರದು. ಹೆಚ್ಚು ಹಾಕಿದರೆ ಜಾಸ್ತಿ ಕಾಯುತ್ತದೆ ಎಂದುಕೊಂಡವರ ರೇಡಿಯೇಟರಿನ ಬೆಸುಗೆ ಸವೆದು ಉದುರಿದ್ದಿದೆ.

ಆಮೇಲೆ ದೇಶಕ್ಕೊಂದು ದಾರಿಯಾಯಿತು. ಯುರೋಪಿನ ಗಡಸು ನೀರಿನಲ್ಲಿ ಫಾಸ್ಫೇಟು ಸುಣ್ಣವಾಗಿ ಕೂರುತ್ತದೆಂದು ಅವರು ಫಾಸ್ಫೇಟ್ ಬಿಟ್ಟರು. ಸಿಲಿಕೇಟು ವಾಟರ್ ಪಂಪಿನ ಸೀಲನ್ನು ಸವೆಸುತ್ತದೆಂದು ಜಪಾನಿನವರು ಸಿಲಿಕೇಟ್ ಬಿಟ್ಟು ಫಾಸ್ಫೇಟ್ ಇಟ್ಟುಕೊಂಡರು. ತಾಮ್ರದ ರೇಡಿಯೇಟರ್ ಜಾಗಕ್ಕೆ ಅಲ್ಯೂಮಿನಿಯಂ ಬಂದ ಮೇಲೆ 1990ರ ದಶಕದಲ್ಲಿ ಸಾವಯವ ಆಮ್ಲದ ಕೂಲಂಟ್, ಓಎಟಿ, ಹರಡಿತು. ಜನರಲ್ ಮೋಟಾರ್ಸ್ 1996ರ ಮಾಡೆಲ್‌ನಿಂದ ಕಿತ್ತಳೆ ಬಣ್ಣದ ಡೆಕ್ಸ್‌ಕೂಲ್ ತುಂಬಿಸಿ ಐದು ವರ್ಷದ ಬಾಳಿಕೆ ಎಂದಿತು. ಲ್ಯಾಂಡ್ ರೋವರ್ 300 ಟಿಡಿಐವರೆಗೆ ಹಳೆ ಬಗೆಯಲ್ಲಿದ್ದು ಟಿಡಿ5 ಕಾಲಕ್ಕೆ ಓಎಟಿಗೆ ಹೋಯಿತು. ಎರಡನ್ನೂ ಬೆರೆಸಿದವರಿಗೆ ಕಂದು ಬಗ್ಗಡ ಸಿಕ್ಕಿದ್ದೂ ಉಂಟು. ಎರಡರ ನಡುವಿನ ಹೈಬ್ರಿಡ್‌ಗಳು ಈ ಜಗಳದ ಕೂಸು.

ಓಎಟಿ ಹೊಸದು, ದುಬಾರಿ, ಹೆಚ್ಚು ಬಾಳುತ್ತದೆ. ಹಾಗಂತ ಹಳೆ ಜೀಪಿಗೆ ಅದೇ ಒಳ್ಳೆಯದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದರ ಕೆಲವು ಆಮ್ಲಗಳು ಹಳೆ ಗ್ಯಾಸ್ಕೆಟ್, ಸೀಲುಗಳನ್ನು ಮೆತ್ತಗೆ ಮಾಡುತ್ತವೆ, ಸೀಸದ ಬೆಸುಗೆಯನ್ನು ಕಾಯುವುದರಲ್ಲಿ ಹಿಂದೆ. ಬ್ರಿಟನ್ನಿನಲ್ಲಿ ಹಳೆ ವಾಹನಗಳ ಒಕ್ಕೂಟವೇ ಈ ಬಗ್ಗೆ ಎಚ್ಚರಿಸಿದೆ. ಎರಕದ ಬ್ಲಾಕು, ತಾಮ್ರ ಹಿತ್ತಾಳೆಯ ರೇಡಿಯೇಟರ್ ಇನ್ನೂ ಇರುವ ಡೀಸೆಲ್ ಜೀಪಿಗೆ ನನ್ನ ಆಯ್ಕೆ ಹಳೆ ಬಗೆಯ ಕೂಲಂಟೇ. ಮ್ಯಾನ್ಯುಯಲ್‌ನಲ್ಲಿ ವೆಟ್ ಲೈನರ್ ಎಂದಿದ್ದರೆ ನೈಟ್ರೈಟ್ ಇರುವ ಹೆವಿ ಡ್ಯೂಟಿ ಡಬ್ಬಿ. ರೇಡಿಯೇಟರನ್ನು ಅಲ್ಯೂಮಿನಿಯಂಗೆ ಬದಲಿಸಿದ್ದರೆ ಹೈಬ್ರಿಡ್. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ, ಐಎಸ್ 5759 ಅಥವಾ ಎಎಸ್‌ಟಿಎಂ ಸಂಖ್ಯೆ ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ.

ನೀರಿನ ಮಾತು ಇನ್ನೂ ಉಳಿಯಿತು. ಕೋಲಾರ, ಕಲಬುರಗಿ ಕಡೆಯ ಬೋರ್‌ವೆಲ್ ನೀರು ಬೆರೆಸಿದರೆ ಎಷ್ಟೇ ಒಳ್ಳೆಯ ಕೂಲಂಟೂ ಸುಣ್ಣ ಕಟ್ಟುತ್ತದೆ. ಮಲೆನಾಡಿನ ಹಳ್ಳದ ನೀರು ಮೆದು, ಆದರೆ ಮಣ್ಣು ಬರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ದುಬಾರಿಯೇನಲ್ಲ. ಮೂರರಲ್ಲಿ ಒಂದು ಪಾಲಾದರೂ ಗ್ಲೈಕಾಲ್ ಇರಲಿ, ಅದಕ್ಕಿಂತ ತೆಳುವಾದರೆ ತುಕ್ಕು ತಡೆಯುವ ಶಕ್ತಿ ಹೋಗುತ್ತದೆ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ನಮ್ಮ ಗ್ಯಾರೇಜುಗಳ ಚಾಳಿಗೆ ಬಲಿಯಾಗಬೇಡಿ. ಹದ ಬಿಸಿಗೇ ಬಾರದ ಡೀಸೆಲ್ ಎಂಜಿನ್ ಬೇಗ ಸವೆಯುತ್ತದೆ. ಮೊದಲ ಸಲ ತೊಳೆಸಿ ಕೂಲಂಟ್ ಹಾಕಿದಾಗ ನನ್ನ ಜೀಪು ಮೂರು ಕಡೆ ಸೋರಿತು. ಕೂಲಂಟನ್ನು ಬೈದೆ. ಅಷ್ಟು ವರ್ಷ ಆ ತೂತುಗಳನ್ನು ಮುಚ್ಚಿಕೊಂಡಿದ್ದದ್ದು ತುಕ್ಕೇ ಎಂದು ಆಮೇಲೆ ಗೊತ್ತಾಯಿತು.

ಬದಲಿಸಿದ ಹಳೆ ಕೂಲಂಟನ್ನು ತೋಟದ ಚರಂಡಿಗೋ ಹಳ್ಳಕ್ಕೋ ಬಿಡಬೇಡಿ, ಮುಚ್ಚಳವಿರುವ ಕ್ಯಾನಿನಲ್ಲಿ ಕೈಗೆಟುಕದಂತೆ ಇಡಿ. ಗ್ಲೈಕಾಲ್ ಸಿಹಿಯಾಗಿರುತ್ತದೆ. ಜೀಪಿನ ಮೇಲೆ ಕೂತು ಬರುವ ಆ ನಾಯಿ ಸ್ವಲ್ಪ ನೆಕ್ಕಿದರೂ ಅದರ ಮೂತ್ರಪಿಂಡ ಉಳಿಯುವುದಿಲ್ಲ.