ಕವಡೆ ಉರುಳಿದ ಮೇಲೆ ಮಾತು

ಸಭಾಕಂಪವೆಂಬುದು ವೇದಿಕೆ ಹತ್ತಿದವರಿಗೆ ಮಾತ್ರ ಬರುವ ಬೇನೆಯಲ್ಲ. ಮದುವೆಮನೆಯ ಜಮಖಾನದ ಅಂಚಿನಲ್ಲಿ ಕುಳಿತು, ಯಾರಾದರೂ ಮಾತನಾಡಿಸಿಬಿಟ್ಟಾರೆಂದು ಅಂಜುವವನಿಗೂ ಅದು ತಪ್ಪಿದ್ದಲ್ಲ. ಬಾಲ್ಯದಲ್ಲಿ ನಾನು ಅಂಥವನಾಗಿದ್ದೆ. ಒಂದು ಮಧ್ಯಾಹ್ನ ಅಜ್ಜಿಯೊಬ್ಬರು ನನ್ನ ಹೆಸರನ್ನೂ ಕೇಳದೆ ಅಂಗೈಗೆ ನಾಲ್ಕು ಕವಡೆಗಳನ್ನು ಸುರಿದು, "ಹಾಕು ಮಗು, ನಿನ್ನ ಸರದಿ" ಎಂದರು. ಎದುರಿಗೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳಿದ್ದವು. ಸಂಜೆಯ ವೇಳೆಗೆ ನಾನು ಅಪರಿಚಿತರೊಡನೆ ಸಲಿಗೆಯಿಂದ ಜಗಳವಾಡುತ್ತಿದ್ದೆ!

ಅದು ಆ ಅಜ್ಜಿ ಹೊಸದಾಗಿ ಹೂಡಿದ ಉಪಾಯವಲ್ಲ, ನಾಡಿನ ಹಳೆಯ ಬಳಕೆಯೆಂದು ಮುಂದೆ ತಿಳಿಯಿತು. ಹಂಪೆಯ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳನ್ನು ಕೇಳುಗರಲ್ಲಿ ಕೆಲವರಾದರೂ ಕಂಡಿರಬಹುದು. ಒಬ್ಬನೇ ಆಡುವುದಕ್ಕೆಂದು ಯಾರೂ ಅಷ್ಟು ಶ್ರಮಪಟ್ಟು ಕಲ್ಲು ಕೊರೆಯಲಾರರು. ಎದುರಿಗೆ ಯಾರೋ ಬಂದು ಕೂರುತ್ತಾರೆಂಬ ನಂಬಿಕೆ ಆ ಗೆರೆಗಳಲ್ಲಿದೆ.

ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ ಚೆನ್ನೆಮಣೆ ಹೊರಬರುತ್ತಿತ್ತು. ಏಳೇಳರಂತೆ ೧೪ ಗುಳಿಗಳ ಮಣೆ. ನವವಧು ತವರಿಗೆ ಬರುವ ತಿಂಗಳೂ ಅದೇ. ಗಂಡನ ಮನೆಯ ಸುದ್ದಿಯನ್ನು ನೇರವಾಗಿ ಕೇಳಿದರೆ ತಲೆ ತಗ್ಗಿಸುವ ಹೆಣ್ಣು, ಗುಳಿಯಿಂದ ಗುಳಿಗೆ ಕಾಯಿ ಹಂಚುತ್ತ ತಾನಾಗಿಯೇ ಬಾಯಿ ಬಿಟ್ಟಾಳು.

ಇನ್ನು ಅರಮನೆ. ೧೮೩೧ರಲ್ಲಿ ಆಂಗ್ಲರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರೂ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ಯೆಗೂ ವಿನೋದಕ್ಕೂ ಕೊರತೆಯಾಗಲಿಲ್ಲ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೂ ಒಂದು. ದೇವತಾಮೂರ್ತಿಗಳ ಲಕ್ಷಣಗಳನ್ನು ವಿವರಿಸುವ ಮಹಾಗ್ರಂಥದಲ್ಲಿಯೇ ಆಟಗಳಿಗೂ ಎಡೆ ದೊರಕಿತು.

ಇದೇ ದಾಳವಲ್ಲವೇ ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿಯ ಮಾನವನ್ನು ಕೆಡಿಸಹೊರಟದ್ದು ಎಂದು ನೀವು ಕೇಳಬಹುದು. ನಿಜ. ಆದರೆ ಅಲ್ಲಿ ಪಣವಿತ್ತು. ಪಣವಿರುವ ಕಡೆ ಎದುರಿನವನು ಬೇಟೆ. ಪಣವಿಲ್ಲದ ಕಡೆ ಆತ ಜೊತೆಗಾರ. ಸಂಕೋಚದವನಿಗೆ ಬೇಕಾದುದು ಬಹಳವೇನಲ್ಲ: ಕಣ್ಣಿಗೊಂದು ನೆಲೆ, ಕೈಗೊಂದು ಕೆಲಸ, ಬೇಡದೆಯೇ ಬರುವ ಒಂದು ಸರದಿ. ಮಣೆ ಈ ಮೂರನ್ನೂ ಕೊಡುತ್ತದೆ. ಮಾತು ಹಿಂದಿನಿಂದ ಬರುತ್ತದೆ.

ಈಗ ನಾನು ಆ ಅಜ್ಜಿಯ ವಯಸ್ಸಿನವನು. ಇಂದಿನ ಸಮಾರಂಭಗಳಲ್ಲಿ ಮೂಲೆಯ ಹುಡುಗ ಮೊಬೈಲಿನ ಬೆಳಕಿನಲ್ಲಿ ಮುಖ ಮರೆಸಿಕೊಂಡಿರುತ್ತಾನೆ. ಅವನನ್ನು ಗದರಿಸಲು ನನಗೆ ಮನಸ್ಸಾಗದು. ಆ ಮೂಲೆ ನನಗೆ ಗೊತ್ತು. ಚೌಕಾಬಾರದಲ್ಲಿ ಕತ್ತರಿಗೆರೆಯ ಮನೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯಲಾರರು. ಆದರೆ ಅಲ್ಲಿಯೇ ಕುಳಿತಿದ್ದರೆ ಆ ಕಾಯಿ ಹಣ್ಣಾಗುವುದೂ ಇಲ್ಲ. ಆದ್ದರಿಂದ ಮದುವೆಮನೆಗೆ ಹೊರಟಾಗ ನನ್ನ ಜೇಬಿನಲ್ಲಿ ನಾಲ್ಕು ಕವಡೆಗಳಿರುತ್ತವೆ.